ಮಾರ್ಸಾಬಿಟ್‌ನಲ್ಲಿ ಉಳಿದ ಋಣ

ಕೀನ್ಯಾದ ಕೆಲಸ ಮುಗಿಸಿ ಊರಿಗೆ ಬಂದಿದ್ದೇನೆ. ಬಂದ ವಾರದಲ್ಲೇ ನಮ್ಮ ತಾಲ್ಲೂಕಿನಲ್ಲಿ ಒಂದು ಸನ್ಮಾನ ಆಯ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಸಿಕ್ಕಿತು. ಮೈಕ್ ಹಿಡಿದವರು ‘ಆಫ್ರಿಕಾದ ಹಸಿದ ಮಕ್ಕಳಿಗೆ ಅನ್ನ ಕೊಟ್ಟ ನಮ್ಮೂರ ಮಗಳು’ ಅಂದರು. ಪ್ರೀತಿಯಿಂದ ಅಂದ ಮಾತು, ಬೇಜಾರಿಲ್ಲ. ಆದರೆ ಅದು ಹಾಗೇ ಉಳಿದುಬಿಟ್ಟರೆ ಸರಿ ಹೋಗುವುದಿಲ್ಲ. ಶುಭಾಶಯ ಕಳಿಸಿದ ನಿಮಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಥ್ಯಾಂಕ್ಸ್ ಹೇಳಬೇಕು, ಅದಕ್ಕಿಂತ ಜಾಸ್ತಿ ಅಲ್ಲಿಯವರಿಗೆ ಹೇಳಬೇಕು. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಅವರು ಮಾಡಿದ್ದು ನಿಮಗೆ ಗೊತ್ತಾಗಲಿ.

ನಾನಿದ್ದದ್ದು ಉತ್ತರ ಕೀನ್ಯಾದ ಮಾರ್ಸಾಬಿಟ್ ಕೌಂಟಿಯಲ್ಲಿ (ತನ್ನದೇ ಸರ್ಕಾರ ಇರುವ ಜಿಲ್ಲೆ ಅನ್ನಿ), ಚಾಲ್ಬಿ ಮರುಭೂಮಿಯ ಅಂಚಿನ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಹಾಕುತ್ತಿಲ್ಲ. ತೀರಾ ಚಿಕ್ಕ ಊರು, ‘ಅಂಗಡಿಯಮ್ಮ’ ಅಂದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಗಬ್ರಾ ಜನರ ಊರು ಅದು. ಒಂಟೆ, ಮೇಕೆ, ಕುರಿ, ಸ್ವಲ್ಪ ದನ ಇವೇ ಅವರ ಆಸ್ತಿ. ಹೊಲ, ಬೆಳೆ ಅಂತ ಏನೂ ಇಲ್ಲ. ಒಂದು ಕಡೆ ಕಪ್ಪು ಲಾವಾ ಕಲ್ಲು, ಇನ್ನೊಂದು ಕಡೆ ಬಿಳಿ ಉಪ್ಪಿನ ಬಯಲು. ಬೋರ್‌ವೆಲ್ ನೀರೂ ಸವುಳು. ಗಾಳಿಯಂತೂ ನಿಲ್ಲುವುದೇ ಇಲ್ಲ.

ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಿಕ್ಕದು. 2020ರ ಕೊನೆಯಿಂದ 2022ರ ಕೊನೆಯವರೆಗೆ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. 40 ವರ್ಷಗಳಲ್ಲೇ ಇಂಥದ್ದು ಕಂಡಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಇದನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದರು. ಮಕ್ಕಳ ಅಪೌಷ್ಟಿಕತೆಯ ಕಾರ್ಯಕ್ರಮಕ್ಕೆಂದು ನಾನು ಹೋದದ್ದು ಅದಾದ ಮೇಲೆ.

ರಾಯಚೂರು ಜಿಲ್ಲೆಯವಳು, ಬರ ನೋಡಿಯೇ ಬೆಳೆದವಳು. ಆದರೆ ನಮ್ಮ ಬರ ಬೇರೆ, ಅದು ಬೇರೆ. ನಮ್ಮಲ್ಲಿ ಬಿತ್ತಿದ್ದು ಒಣಗುತ್ತದೆ, ಜನ ಗುಳೆ ಹೋಗುತ್ತಾರೆ, ಬೆಂಗಳೂರಿನಲ್ಲೋ ಪುಣೆಯಲ್ಲೋ ಗಾರೆ ಕೆಲಸ ಸಿಗುತ್ತದೆ. ಅಲ್ಲಿ ಆಸ್ತಿಗೇ ಜೀವ ಇದೆ, ಅದಕ್ಕೂ ಹಸಿವಾಗುತ್ತದೆ. ಮೊದಲು ದನ, ಕುರಿ ಸಾಯುತ್ತವೆ. ಆಮೇಲೆ ಮೇಕೆ. ಕೊನೆಗೆ ಒಂಟೆ. ಒಂಟೆಯ ಕೆಚ್ಚಲು ಬತ್ತಿತು ಅಂದರೆ ಮಕ್ಕಳ ಊಟವೇ ನಿಂತಿತು ಅಂತ ಅರ್ಥ. ಮಾರೋಣ ಅಂದರೆ ಬಡಕಲು ಮೇಕೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅತ್ತ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಹಿಟ್ಟು, ಎಣ್ಣೆಯ ಬೆಲೆ ಏರುತ್ತಲೇ ಹೋಯಿತು. ಇಡೀ ಕೀನ್ಯಾದಲ್ಲಿ ಆ ಬರಕ್ಕೆ ಸತ್ತ ಜಾನುವಾರು 25 ಲಕ್ಷದ ಹತ್ತಿರ.

ಇನ್ನು ಜನರ ವಿಷಯಕ್ಕೆ ಬರುತ್ತೇನೆ. ಎಲ್ಲರಿಗಿಂತ ಮೊದಲು ಊರಿನ ಆರೋಗ್ಯ ಸ್ವಯಂಸೇವಕಿ. ನಮ್ಮ ಆಶಾ ಕಾರ್ಯಕರ್ತೆಯರು ಮಾಡುವ ಕೆಲಸವೇ ಅವಳದ್ದೂ. ಆಗ ಅವಳಿಗೆ ಸಂಬಳವೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ಕತ್ತಲಿರುವಾಗಲೇ ಹೊರಟು, ದೂರದ ಬಿಡಾರಗಳಿಗೆ ನಡೆದುಕೊಂಡು ಹೋಗಿ, ಮಕ್ಕಳ ತೋಳು ಅಳೆದು ಬರುತ್ತಿದ್ದಳು. ನನ್ನ ವರದಿಗಳಲ್ಲಿ ಇದ್ದ ಅಂಕಿಗಳೆಲ್ಲ ಅವಳು ನಡೆದು ತಂದವು.

ಅವಳು ಅಳೆಯುವುದನ್ನು ನೋಡಬೇಕು. ಮಗುವಿನ ಎಡ ತೋಳು ಮಡಚಿ, ಭುಜದ ಮೂಳೆಯಿಂದ ಮೊಣಕೈವರೆಗಿನ ನಡುಭಾಗಕ್ಕೆ ಪೆನ್ನಿನಿಂದ ಚುಕ್ಕೆ ಇಡುತ್ತಾಳೆ. ಆಮೇಲೆ ತೋಳು ಇಳಿಬಿಡಿಸಿ, ಆ ಚುಕ್ಕೆಯ ಮೇಲೆ ಬಣ್ಣದ ಪಟ್ಟಿ ಸುತ್ತುತ್ತಾಳೆ. 125 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು. ಅದಕ್ಕಿಂತ ಕಮ್ಮಿಯಾದರೆ ಹಳದಿ. 115ಕ್ಕಿಂತಲೂ ಕೆಳಗೆ ಹೋದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ಮಗುವಿನ ಜೀವಕ್ಕೇ ಅಪಾಯ. ಕೆಂಪು ಬಂದ ಮಗುವಿಗೆ ಕಡಲೆಕಾಯಿ ಪೇಸ್ಟಿನ ಪೊಟ್ಟಣ ಸಿಗುತ್ತದೆ. 92 ಗ್ರಾಂ, 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ತುದಿ ಹರಿದು ಮಗುವಿನ ಬಾಯಿಗೆ ಹಿಂಡಿದರೆ ಆಯ್ತು. ಹಳದಿಯ ಮಕ್ಕಳಿಗೆ ಬೇರೆ ಪೂರಕ ಆಹಾರ ಕೊಡಬೇಕು. ಅದು ಆಗಾಗ ಸ್ಟಾಕ್ ಇರುತ್ತಿರಲಿಲ್ಲ. ಟೆಂಡರ್ ಆಗಬೇಕು, ಸಹಿ ಬೀಳಬೇಕು, ಲಾರಿ ಸಿಗಬೇಕು. ಇವೆಲ್ಲ ಮುಗಿಯುವ ಹೊತ್ತಿಗೆ ಹಳದಿ ಇದ್ದದ್ದು ಕೆಂಪಾಗಿರುತ್ತಿತ್ತು.

ಅದಕ್ಕೇ ತಾಯಂದಿರು ಅವಳನ್ನು ಕೇಳುತ್ತಿದ್ದರು: ಪಟ್ಟಿ ಒಂಚೂರು ಬಿಗಿ ಎಳಿ. ಎರಡು ಮೂರು ಮಿಲಿಮೀಟರ್ ಎಳೆದರೆ ಮಗುವಿಗೆ ಪೊಟ್ಟಣ ಸಿಗುತ್ತದೆ. ಒಂದು ದಿನ ಅವಳ ಸ್ವಂತ ತಂಗಿ ಕೇಳಿದಳು. ಮಗುವಿನ ತೋಳು 117 ಇತ್ತು. ಇವಳು ಎಳೆಯಲಿಲ್ಲ. 117 ಅಂತಲೇ ಬರೆದಳು. ತಂಗಿ ಮಾತಾಡದೆ ಎದ್ದು ಹೋದಳು. ಸಂಜೆ ಮನೆಗೆ ಹೋಗಿ, ಉಳಿದಿದ್ದ ಒಂದೇ ಕರೆಯುವ ಮೇಕೆಯ ಹಾಲನ್ನು ತಂಗಿಯ ಮನೆಗೆ ಕಳಿಸಿದಳು. ಅವಳಿಗೂ ಇಬ್ಬರು ಮಕ್ಕಳು. ಆಮೇಲೆ ಅವಳು ಊರಿನ ತಾಯಂದಿರಿಗೆಲ್ಲ ಪಟ್ಟಿ ಹಂಚಿ, ತಾವೇ ಅಳೆದುಕೊಳ್ಳಲು ಕಲಿಸಿದಳು. ಬೈಗುಳ ತಪ್ಪಿತು ಅಂತ ನಗುತ್ತಿದ್ದಳು. ಆದರೆ ಅದರಿಂದ ಎಷ್ಟೋ ಮಕ್ಕಳು ಕೆಂಪಿಗೆ ಬರುವ ಮೊದಲೇ ನಮ್ಮ ಕೈಗೆ ಸಿಕ್ಕರು.

2023ರ ಕೊನೆಗೆ ಕೀನ್ಯಾ ಸರ್ಕಾರ ಇಂಥ ಸುಮಾರು 1 ಲಕ್ಷ ಜನರಿಗೆ ತಿಂಗಳಿಗೆ 5,000 ಶಿಲ್ಲಿಂಗ್ ಭತ್ಯೆ ಅಂತ ಮಾಡಿತು. ಅರ್ಧ ಕೇಂದ್ರದ್ದು, ಅರ್ಧ ಕೌಂಟಿಯದ್ದು. ಬರ ಮುಗಿದ ಮೇಲೆ! ಇರಲಿ, ಬಂತಲ್ಲ.

ಅಂಗಡಿಯಮ್ಮನ ಕಥೆ ಸ್ವಲ್ಪ ಉದ್ದ. ನಮ್ಮ ಸಂಸ್ಥೆ ಬರದ ಸಮಯದಲ್ಲಿ ಒಂದಷ್ಟು ಕುಟುಂಬಗಳಿಗೆ ಮೊಬೈಲ್ ಮೂಲಕ ಹಣ ಹಾಕುತ್ತಿತ್ತು. ಕೀನ್ಯಾದಲ್ಲಿ 2007ರಿಂದಲೇ ಎಂ-ಪೆಸಾ ಇದೆ, ಮರುಭೂಮಿಯಲ್ಲೂ ಫೋನಿನಲ್ಲೇ ದುಡ್ಡು ಓಡಾಡುತ್ತದೆ. ಸರ್ಕಾರದ್ದೂ ಒಂದು ಯೋಜನೆ ಇತ್ತು: ಬಡ ಕುಟುಂಬಗಳಿಗೆ ಎರಡು ತಿಂಗಳಿಗೊಮ್ಮೆ 5,400 ಶಿಲ್ಲಿಂಗ್. ಎರಡೂ ಒಳ್ಳೆಯವೇ. ಆದರೆ ಎರಡೂ ಎಲ್ಲರಿಗೂ ಇಲ್ಲ. ಹಣ ಎಷ್ಟಿದೆಯೋ ಅಷ್ಟು ಮನೆ ಆರಿಸಬೇಕು. ಊರ ಸಭೆ ಕರೆದು, ಮುಳ್ಳುಮರದ ಕೆಳಗೆ ಎಲ್ಲರ ಎದುರು ಪಟ್ಟಿ ಓದಬೇಕು. ಓದುವವಳು ನಾನು, ತರ್ಜುಮೆ ಮಾಡುವವರು ನನ್ನ ಸಹೋದ್ಯೋಗಿ.

ಪಟ್ಟಿ ಓದಿ ಮುಗಿದಾಗ ಒಬ್ಬರು ಅಜ್ಜ ಎದ್ದು ಕೇಳಿದರು: ‘ಉಳಿದವರ ಮನೆಗೆ ಬರ ಬಂದಿಲ್ಲವಾ?’ ಯಾರೂ ನಗಲಿಲ್ಲ. ನನ್ನ ಹತ್ತಿರ ಬಜೆಟ್ ಬಿಟ್ಟು ಬೇರೆ ಉತ್ತರ ಇರಲಿಲ್ಲ, ಅದನ್ನೇ ಹೇಳಿದೆ. ಅಜ್ಜ ತಲೆಯಾಡಿಸಿ ಕೂತರು.

ಹಣ ಬಿದ್ದ ದಿನ ಅಂಗಡಿಯಮ್ಮನ ತಗಡಿನ ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ನಾನು ಸುಮ್ನೆ ಕೂತು ನೋಡಿದ್ದೇನೆ. ಪಟ್ಟಿಯಲ್ಲಿದ್ದ ಹೆಂಗಸು ಫೋನ್ ತೋರಿಸುತ್ತಾಳೆ. ಅಂಗಡಿಯಮ್ಮ ಮೊದಲು ಹಳೆಯ ನೋಟ್‌ಬುಕ್ ತೆಗೆದು ಉದ್ದರಿ ಲೆಕ್ಕ ಹೊಡೆದುಹಾಕುತ್ತಾಳೆ. ಆಮೇಲೆ ಸಕ್ಕರೆ, ಚಹಾ ಪುಡಿ, ಮೆಕ್ಕೆಜೋಳದ ಹಿಟ್ಟು ಅಳೆದು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟುತ್ತಾಳೆ. ಪ್ಲಾಸ್ಟಿಕ್ ಚೀಲ ಕೀನ್ಯಾದಲ್ಲಿ 2017ರಿಂದ ನಿಷೇಧ, ಎಲ್ಲಾ ಹಳೇ ಪೇಪರ್‌ನಲ್ಲೇ. ಕಟ್ಟಿದ ಪೊಟ್ಟಣ ಒಂದೊಂದೇ ಪಕ್ಕಕ್ಕಿಡುತ್ತಾ ಮನೆಗಳ ಹೆಸರು ಹೇಳುತ್ತಾಳೆ. ಅರ್ಧಕ್ಕರ್ಧ ಹೆಸರು ನನ್ನ ಪಟ್ಟಿಯಲ್ಲಿ ಇಲ್ಲದವು. ಯಾರ ಮನೆಗೆ ಎಷ್ಟು ಮಕ್ಕಳು, ಯಾರ ಗಂಡ ಒಂಟೆ ಹೊಡೆದುಕೊಂಡು ಇಥಿಯೋಪಿಯಾ ಗಡಿ ಕಡೆಗೆ ಹೋಗಿ ಇನ್ನೂ ಬಂದಿಲ್ಲ, ಯಾರು ಬಾಣಂತಿ, ಎಲ್ಲಾ ಅವಳ ಬಾಯಲ್ಲೇ. ನಾವು ತಿಂಗಳುಗಟ್ಟಲೆ ಸರ್ವೆ ಮಾಡಿ ಟ್ಯಾಬ್ಲೆಟ್‌ಗೆ ತುಂಬಿದ ಮಾಹಿತಿ ಅದು.

ದುಡ್ಡು ಕೊಟ್ಟ ಹೆಂಗಸಿಗೆ ಬೇಜಾರಾಗುವುದಿಲ್ಲವಾ? ಕೇಳಿದೆ. ಆ ಹೆಂಗಸೇ ಹೇಳಿದ್ದು: ಆ ಮನೆಯವರು ಹಿಂದಿನ ಬುಧವಾರದ ವರ್ಷದಲ್ಲಿ ನಮಗೆ ಹಾಲು ಕೊಟ್ಟಿದ್ದರು. ಗಬ್ರಾ ಜನ ವರ್ಷಗಳನ್ನು ವಾರದ ಹೆಸರಿನಿಂದ ಕರೆಯುತ್ತಾರೆ. ಸೋಮವಾರದ ವರ್ಷ, ಮಂಗಳವಾರದ ವರ್ಷ, ಹೀಗೆ ಏಳು ಮುಗಿದರೆ ಮತ್ತೆ ಮೊದಲಿನಿಂದ. ಹಳಬರಿಗೆ ಯಾವ ವರ್ಷ ಯಾವ ಬರ, ಆಗ ಯಾರು ಯಾರಿಗೆ ಏನು ಕೊಟ್ಟರು ಅನ್ನೋದು ಬಾಯಿಪಾಠ.

ಇದನ್ನು ನಮ್ಮ ಫಾರಂನಲ್ಲಿ ಎಲ್ಲಿ ಬರೆಯೋದು? ‘ಹಣ ಯಾವುದಕ್ಕೆ ಖರ್ಚಾಯಿತು’ ಅಂತ ಕಾಲಂ ಇದ್ದವು: ಆಹಾರ, ನೀರು, ಔಷಧಿ, ಶಾಲೆ, ಸಾಲ. ಪಕ್ಕದ ಮನೆಗೆ ಕೊಟ್ಟದ್ದಕ್ಕೆ ಕಾಲಂ ಇಲ್ಲ. ಮೇಲಿನ ಆಫೀಸಿನಲ್ಲಿ ಒಬ್ಬರು ಇದನ್ನು ‘ಸೋರಿಕೆ’ ಅಂದರು. ನನಗೆ ಸಿಟ್ಟು ಬಂತು. ಹೊಸ ಕಾಲಂ ಹಾಕಬೇಕು ಅಂತ ಹಟ ಹಿಡಿದೆ. ಹಾಕಿದರು. ಅದನ್ನು ಒಪ್ಪಿಸಲು ನನ್ನ ಜೊತೆ ರಾತ್ರಿ ಕೂತು ಲೆಕ್ಕ ಜೋಡಿಸಿಕೊಟ್ಟ ಡೇಟಾ ಹುಡುಗನಿಗೂ ಥ್ಯಾಂಕ್ಸ್.

ಹಾಗಂತ ಆ ಊರು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸಭೆಯಲ್ಲಿ ಮುಂದೆ ಕೂತು ಜಾಸ್ತಿ ಮಾತಾಡುತ್ತಿದ್ದವರು ಒಂಟೆ ಜಾಸ್ತಿ ಇದ್ದವರೇ. ಅವರ ಒಂಟೆಗಳನ್ನು ದೂರದ ಮೇವಿಗೆ ಹೊಡೆದುಕೊಂಡು ಹೋಗಲು ಆಳುಗಳಿದ್ದರು, ನೀರು ತರಿಸಲು ಲಾರಿ ಬಾಡಿಗೆಗೆ ದುಡ್ಡಿತ್ತು. ನಾಲ್ಕು ಮೇಕೆ ಇದ್ದವರದ್ದು ನಾಲ್ಕೂ ಹೋದವು. ಬೇರೆ ಕಡೆಯಿಂದ ಬಂದು ಊರ ಹೊರಗೆ ಗುಡಾರ ಹಾಕಿದ್ದ ಒಬ್ಬ ವಿಧವೆಗೆ ಯಾವ ಹಳೆಯ ವರ್ಷದ ಲೆಕ್ಕವೂ ಇರಲಿಲ್ಲ, ಹಂಚುವಾಗ ಅವಳ ಹೆಸರು ಕೊನೆಗೆ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ಅಂಥವರಿಗೆ ನಮ್ಮ ಪಟ್ಟಿ ಬೇಕೇ ಬೇಕಿತ್ತು. ಅಂಗಡಿಯಮ್ಮ ಅದನ್ನು ನನಗಿಂತ ಮೊದಲೇ ಗಮನಿಸಿ, ‘ಅವಳನ್ನು ಬರಕೋ’ ಅಂತ ಹೇಳಿದ್ದಳು.

ಒಂಟೆ ಇದ್ದವರಲ್ಲೂ ಎಲ್ಲರೂ ಒಂದೇ ತರ ಅಲ್ಲ. ದಬಾರೆ ಅಂತ ಒಂದು ಪದ್ಧತಿ ಇದೆ. ಒಂಟೆ ಇಲ್ಲದ ಮನೆಗೆ ಹೆಣ್ಣೊಂಟೆಯನ್ನು ಸಾಕಲು ಕೊಡುತ್ತಾರೆ. ಹಾಲು ಸಾಕಿದವರಿಗೆ, ಒಡೆತನ ಕೊಟ್ಟವರಿಗೆ. ನಮ್ಮ ಕಡೆ ಕುರಿ ಪಾಲಿಗೆ ಬಿಡುತ್ತಾರಲ್ಲ, ಹತ್ತಿರ ಹತ್ತಿರ ಹಾಗೇ. ಕೊಟ್ಟವನಿಗೂ ಲಾಭ ಇದೆ: ಒಂಟೆಗಳೆಲ್ಲ ಒಂದೇ ಕಡೆ ಇದ್ದು ಒಟ್ಟಿಗೆ ಸಾಯುವ ಭಯ ಕಮ್ಮಿ. ಸಭೆಯಲ್ಲಿ ನನ್ನನ್ನು ಪ್ರಶ್ನೆ ಕೇಳಿದ ಅಜ್ಜ ಬರದ ನಡುವೆಯೇ ಹೀಗೆ ಒಂದು ಒಂಟೆ ಕೊಟ್ಟರು, ಮೂರು ಮಕ್ಕಳಿದ್ದ ಮನೆಗೆ. ಆ ಮಕ್ಕಳು ನಮ್ಮ ಕೆಂಪು ಪಟ್ಟಿಗೆ ಕೊನೆವರೆಗೂ ಬರಲಿಲ್ಲ. ಅಜ್ಜನಿಗೆ ದೊಡ್ಡ ನಮಸ್ಕಾರ.

ಈಗ ನನ್ನ ಕೀನ್ಯಾ ಸಹೋದ್ಯೋಗಿಯ ಬಗ್ಗೆ. ಮಾರ್ಸಾಬಿಟ್ ಪಟ್ಟಣದವರೇ, ಪೌಷ್ಟಿಕತೆಯಲ್ಲಿ ಡಿಗ್ರಿ ಮಾಡಿದವರು. ನನಗಿಂತ ಜಾಸ್ತಿ ತಿಳಿದವರು. ಭಾಷೆ ಗೊತ್ತು, ದಾರಿ ಗೊತ್ತು, ಯಾವ ಮನೆಯಲ್ಲಿ ಯಾರ ಹತ್ತಿರ ಮೊದಲು ಮಾತಾಡಬೇಕು ಗೊತ್ತು. ಇಬ್ಬರದೂ ಒಂದೇ ಕೆಲಸ. ನನ್ನ ಸಂಬಳ ಅವರದ್ದಕ್ಕಿಂತ ಎಷ್ಟೋ ಪಟ್ಟು, ಯಾಕೆಂದರೆ ನಾನು ‘ಅಂತರರಾಷ್ಟ್ರೀಯ’, ಅವರು ‘ಸ್ಥಳೀಯ’. ನನಗೆ ಕುಡಿಯಲು ಬಾಟಲಿ ನೀರು, ವಿಶ್ರಾಂತಿಗೆ ನೈರೋಬಿ ರಜೆ. ಊರಿನವರಿಗೆ 20 ಲೀಟರಿನ ಹಳದಿ ಕ್ಯಾನು ಕತ್ತೆಯ ಮೇಲೆ. ಬರ ಪರಿಹಾರಕ್ಕೆಂದು ಹೋದವರ ಒಳಗೇ ಇಷ್ಟು ಮೇಲು ಕೀಳು ಇದೆ ಅಂತ ಸನ್ಮಾನದ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ?

2022ರ ಮೇ ತಿಂಗಳಲ್ಲಿ ಮಾರ್ಸಾಬಿಟ್‌ನಲ್ಲಿ ಸಮುದಾಯಗಳ ನಡುವಿನ ಕೊಲೆಗಳು ಜಾಸ್ತಿಯಾಗಿ ಸರ್ಕಾರ ರಾತ್ರಿ ಕರ್ಫ್ಯೂ ಹಾಕಿತು. ಹಿಂದಿನಿಂದ ಇದ್ದ ದ್ವೇಷಕ್ಕೆ ಮೇವು, ನೀರಿನ ಜಗಳ ಸೇರಿತ್ತು. ನನ್ನನ್ನು ಚಿಕ್ಕ ವಿಮಾನದಲ್ಲಿ ನೈರೋಬಿಗೆ ಕಳಿಸಿದರು. ನನ್ನ ಸಹೋದ್ಯೋಗಿಗೆ ವಿಮಾನ ಇರಲಿಲ್ಲ. ಯಾವುದು ಅಪಾಯದ ಜಾಗ ಅಂತ ನನ್ನನ್ನು ಹೊರಗೆ ಕಳಿಸಿದರೋ ಅದೇ ಅವರ ಮನೆ. ನಾನು ವಾಪಸ್ ಬರುವಷ್ಟರಲ್ಲಿ ಒಂದು ಮಗುವಿನ ಚಿಕಿತ್ಸೆಯೂ ತಪ್ಪದ ಹಾಗೆ ನೋಡಿಕೊಂಡಿದ್ದರು. ಪೊಟ್ಟಣಗಳನ್ನು ವಾರಕ್ಕೆ ಬದಲು ಎರಡು ವಾರಕ್ಕಾಗುವಷ್ಟು ಮೊದಲೇ ಹಂಚಿಬಿಟ್ಟಿದ್ದರು. ನನ್ನನ್ನು ಕೇಳಲಿಲ್ಲ. ಕೇಳಿ ಕಾಯುವ ಸಮಯ ಅಲ್ಲ ಅದು ಅಂತ ಅವರಿಗೆ ಗೊತ್ತಿತ್ತು.

ಉತ್ತರ ಕೀನ್ಯಾ ಯಾಕೆ ಹೀಗಿದೆ ಅಂತ ನನಗೆ ತಿಳಿಸಿಕೊಟ್ಟವರೂ ಅವರೇ. ಮಳೆ ಕಮ್ಮಿ ಅನ್ನೋದು ಅರ್ಧ ಉತ್ತರ. ಬ್ರಿಟಿಷರ ಕಾಲದಲ್ಲಿ ಇದು ‘ಉತ್ತರ ಗಡಿ ಜಿಲ್ಲೆ’, ಪರ್ಮಿಟ್ ಇಲ್ಲದೆ ಒಳಗೆ ಬರುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1965ರಲ್ಲಿ ಸರ್ಕಾರ ಒಂದು ನೀತಿ ಪತ್ರ ಹೊರಡಿಸಿತು. ಒಳ್ಳೆಯ ನೆಲ, ಒಳ್ಳೆಯ ಮಳೆ, ರಸ್ತೆ, ವಿದ್ಯುತ್ ಇರುವ ಕಡೆಗೇ ಅಭಿವೃದ್ಧಿಯ ಹಣ ಹಾಕಬೇಕು, ಅಲ್ಲಿ ಫಲ ಜಾಸ್ತಿ ಅಂತ ಅದರಲ್ಲಿತ್ತು. ಅಂದರೆ ಇಲ್ಲದವರಿಗೆ ಇಲ್ಲ. 2010ರ ಸಂವಿಧಾನ ಬಂದು, 2013ರಲ್ಲಿ ಕೌಂಟಿ ಸರ್ಕಾರಗಳು ಶುರುವಾದ ಮೇಲೆ ಸ್ವಲ್ಪ ಬದಲಾಗಿದೆ. ಕಲ್ಯಾಣ ಕರ್ನಾಟಕದ ಹುಡುಗಿಗೆ ಈ ಕಥೆ ಎರಡು ಸಲ ಹೇಳಬೇಕಾಗಲಿಲ್ಲ.

ಡ್ರೈವರ್ ಅಣ್ಣನನ್ನು ಮರೆತರೆ ದೇವರು ಮೆಚ್ಚುವುದಿಲ್ಲ. ಲಾವಾ ಕಲ್ಲಿನ ದಾರಿಯಲ್ಲಿ ಟೈರ್ ಹೋದರೆ ನೆರಳಿಗೂ ಮರ ಇರುವುದಿಲ್ಲ. ಬಿಸಿಲಲ್ಲೇ ಬಿಚ್ಚಿ, ಹಾಡು ಹೇಳಿಕೊಂಡು ತೇಪೆ ಹಾಕುತ್ತಿದ್ದ. ಒಮ್ಮೆ ತುರ್ಕಾನಾ ಸರೋವರದ ಕಡೆ ಹೋಗುವಾಗ ಗಾಡಿ ನಿಲ್ಲಿಸಿ ಗಾಳಿ ವಿದ್ಯುತ್ ಕಂಬಗಳನ್ನು ತೋರಿಸಿದ. 365 ಕಂಬ, 310 ಮೆಗಾವಾಟ್. ಅಲ್ಲಿಂದ ಕರೆಂಟು 400 ಕಿಲೋಮೀಟರಿಗೂ ಜಾಸ್ತಿ ದೂರದ, ನೈರೋಬಿ ಕಡೆಯ ಸುಸ್ವಾಗೆ ಹೋಗುತ್ತದೆ. ನಾವು ಹೋದ ದಾರಿಯ ಗುಡಾರಗಳಲ್ಲಿ ಟಾರ್ಚ್ ಬೆಳಕು. ಆ ಒಂದೂವರೆ ಲಕ್ಷ ಎಕರೆ ಜಮೀನಿನ ಹಕ್ಕುಪತ್ರ ಕೊಟ್ಟ ರೀತಿ ಕಾನೂನುಬದ್ಧವಲ್ಲ ಅಂತ 2021ರಲ್ಲಿ ಮೇರುವಿನ ನ್ಯಾಯಾಲಯ ಹೇಳಿದ್ದೂ ಅವನಿಂದಲೇ ನನಗೆ ಗೊತ್ತಾದದ್ದು. ಪೇಪರ್ ಓದುವ ಚಟ ಅವನಿಗೆ.

ಅವನಿಗೂ ನನಗೂ ದೋಸ್ತಿ ಆದದ್ದು ಮಾತ್ರ ಬಳ್ಳಾರಿ ಜಾಲಿಯಿಂದ. ನಿಜ, ಅದೇ ಗಿಡ! ಅಲ್ಲಿ ಅದಕ್ಕೆ ಮಥೆಂಗೆ ಅಂತಾರೆ. ಮರಳು ತಡೆಯಲಿ ಅಂತ ತಂದು ಹಾಕಿದ್ದು, ಈಗ ಎಲ್ಲೆಲ್ಲೂ ಅದೇ. ನಮ್ಮೂರ ಕೆರೆಯಂಗಳದ ಫೋಟೊ ತೋರಿಸಿದೆ, ಬಿದ್ದು ಬಿದ್ದು ನಕ್ಕ. ಬರಿಂಗೋ ಕಡೆಯ ಜನ ಇದರ ವಿರುದ್ಧ ಸರ್ಕಾರದ ಮೇಲೆ ಕೇಸು ಹಾಕಿ, ಕಾಯಿ ತಿಂದು ತಿಂದು ಹಲ್ಲು ಉದುರಿದ ಮೇಕೆಯನ್ನೇ ಸಾಕ್ಷಿಗೆ ನೈರೋಬಿ ಕೋರ್ಟಿಗೆ ತಂದಿದ್ದರಂತೆ. ಈ ಐಡಿಯಾ ನಮ್ಮವರಿಗೆ ಹೊಳೆಯಲೇ ಇಲ್ಲ ನೋಡಿ.

2023ರ ಮಾರ್ಚ್‌ನಲ್ಲಿ ಮಳೆ ಬಂತು. ಸಿನಿಮಾದ ತರ ಯಾರೂ ಕುಣಿಯಲಿಲ್ಲ. ಮೊದಲ ಮಳೆಯ ಚಳಿಗೆ, ಉಳಿದುಕೊಂಡಿದ್ದ ಬಡಕಲು ಮೇಕೆಗಳು ಇನ್ನಷ್ಟು ಸತ್ತವು. ಮುಂದಿನ ತಿಂಗಳೇ ಹವಾಮಾನ ಸಂಶೋಧನಾ ತಂಡ ವರ್ಲ್ಡ್ ವೆದರ್ ಆಟ್ರಿಬ್ಯೂಷನ್‌ನ ವಿಜ್ಞಾನಿಗಳು ಲೆಕ್ಕ ಕೊಟ್ಟರು: ಮನುಷ್ಯರಿಂದಾದ ಹವಾಮಾನ ಬದಲಾವಣೆ ಇಂಥ ಬರದ ಸಾಧ್ಯತೆಯನ್ನು ಕನಿಷ್ಠ 100 ಪಟ್ಟು ಹೆಚ್ಚಿಸಿದೆ. ಅಜ್ಜನ ಮನೆಯಲ್ಲಿ ಒಂದು ಬೈಕೂ ಇಲ್ಲ. ಅದೇ ವರ್ಷದ ಕೊನೆಗೆ ಎಲ್ ನಿನೋ ಮಳೆ ಸುರಿದು ರಸ್ತೆಗಳೇ ಕೊಚ್ಚಿಹೋದವು. ಅದು ಇನ್ನೊಂದು ಕಥೆ, ಬಿಡಿ.

ಇಲ್ಲಿಯವರಿಗೆ: ದುಡ್ಡು ಕಳಿಸುತ್ತೇವೆ ಅಂದ ಕಾಲೇಜು ಗೆಳತಿಯರಿಗೆ, ನಾನು ಹೇಳಿದ ಮೇಲೆ ಯಾವ ಪ್ರಶ್ನೆಯೂ ಇಲ್ಲದೆ ಕಳಿಸಿದವರಿಗೆ ಥ್ಯಾಂಕ್ಸ್. ಹಳೇ ಸ್ವೆಟರ್ ಕಳಿಸಲಾ ಅಂತ ಕೇಳಿದ ಸೋದರಮಾವನಿಗೂ ಥ್ಯಾಂಕ್ಸ್. ಮಾವ, ಅದು ಮರುಭೂಮಿ. ನಾನಿಲ್ಲದಾಗ ಅಪ್ಪನ ಶುಗರ್ ಮಾತ್ರೆ ತಪ್ಪದ ಹಾಗೆ ನೋಡಿಕೊಂಡ ಪಕ್ಕದ ಮನೆ ಅತ್ತಿಗೆಗೆ ಎಷ್ಟು ಹೇಳಿದರೂ ಕಮ್ಮಿ.

ಅವ್ವ 1972ರ ಬರ ನೋಡಿದವಳು, ಕಾಮಗಾರಿಯಲ್ಲಿ ಕಲ್ಲು ಹೊತ್ತವಳು. ಫೋನ್ ಮಾಡಿದಾಗೆಲ್ಲ ಅವಳು ಕೇಳುತ್ತಿದ್ದದ್ದು ಎರಡೇ: ‘ಉಂಡ್ಯಾ?’, ‘ಆ ಹುಡುಗ್ರು ಉಂಡ್ವಾ?’ ಎರಡನೆಯದಕ್ಕೆ ಕೆಲವು ದಿನ ಉತ್ತರ ಕೊಡೋದು ಕಷ್ಟ ಆಗುತ್ತಿತ್ತು. ಆಗೆಲ್ಲ ಅವಳು ಮಾತು ತಿರುಗಿಸಿ, ಎಮ್ಮೆ ಕರು ಹಾಕಿದ್ದು, ಓಣಿಯ ಜಗಳ, ಎಲ್ಲಾ ಹೇಳುತ್ತಾ ಲೈನ್‌ನಲ್ಲೇ ಇರುತ್ತಿದ್ದಳು.

ಆರೋಗ್ಯ ಸ್ವಯಂಸೇವಕಿ ಮೊನ್ನೆ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ತಂಗಿಯ ಮಗು ಈಗ ಹಸಿರಿನಲ್ಲಿದೆಯಂತೆ, ತಂಗಿ ಮಾತಾಡುತ್ತಿದ್ದಾಳಂತೆ. ಭತ್ಯೆ ಮಾತ್ರ ಈ ಸಲ ತಡವಾಗಿದೆಯಂತೆ.

ಕೆಲವರು ನನ್ನ ಮುಂದಿನ ಕೆಲಸದ ಬಗ್ಗೆ ಕೇಳಿದ್ದೀರಿ. ಸದ್ಯಕ್ಕೆ ಎಲ್ಲೂ ಹೋಗುತ್ತಿಲ್ಲ, ಮನೆಯಲ್ಲೇ ಇದ್ದೇನೆ. ನಮ್ಮ ಜಿಲ್ಲೆಯ ಅಂಗನವಾಡಿಗಳಲ್ಲಿ ತೋಳಿನ ಪಟ್ಟಿ ಬಳಸುವ ತರಬೇತಿಗೆ ಬನ್ನಿ ಅಂತ ಇಬ್ಬರು ಮೇಲ್ವಿಚಾರಕಿಯರು ಕರೆದಿದ್ದಾರೆ, ಹೋಗುತ್ತೇನೆ. ಬೇರೆ ಯಾರಿಗಾದರೂ ಬೇಕಿದ್ದರೆ ಫೋನ್ ಮಾಡಿ. ಸಂಜೆ ಆರರ ಮೇಲೆ ಮಾಡಿ, ಹಗಲು ಇಲ್ಲಿ ನೆಟ್‌ವರ್ಕ್ ಸಿಗಲ್ಲ.